ನನ್ನ ಪಕ್ಷಾತೀತ ಬುಕ್‌ಮಾರ್ಕುಗಳು

ಯಾರ ಪಕ್ಷವನ್ನೂ ವಹಿಸದೆ ಅರ್ಧ ಆಯುಷ್ಯ ಕಳೆದವನು ನಾನು. ಮದುವೆಯಾದ ಹೊಸದರಲ್ಲಿ ಅವ್ವ ಮಾಡಿದ ಸಾರನ್ನೂ ಹೆಂಡತಿ ಮಾಡಿದ ಸಾರನ್ನೂ ಒಂದೇ ಅನ್ನಕ್ಕೆ ಕಲಸಿ ಉಂಡು, ಇಬ್ಬರಿಂದಲೂ ಸಮಪ್ರಮಾಣದಲ್ಲಿ ಬೈಸಿಕೊಂಡಿದ್ದೇನೆ. ಇಂಥ ಅನುಭವಸ್ಥನಿಗೆ ಒಂದು ಕಂಪ್ಯೂಟರನ್ನು ಪಕ್ಷಾತೀತವಾಗಿ ಇಡುವುದು ಏನು ಮಹಾ ಕೆಲಸ ಎಂದುಕೊಂಡೆ. ಆ ಒಂದು ಯೋಚನೆ ಬಂದ ದಿನ ನನಗೆ ಜ್ವರ ಬಂದು ಮಲಗಿದ್ದರೆ ಎಷ್ಟು ಚೆನ್ನಾಗಿತ್ತು.

ಆಗ ಹೈದರಾಬಾದಿನ ತುಂಬ ಕಂಪ್ಯೂಟರಿನ ಹುಚ್ಚು. ಅಮೀರ್‌ಪೇಟೆಯಲ್ಲಿ ಗೋಡೆಗಳೇ ಕಾಣುತ್ತಿರಲಿಲ್ಲ, ಬರೀ ಕೋರ್ಸುಗಳ ಬೋರ್ಡು. ಸರಕಾರಿ ಕಚೇರಿಯಲ್ಲಿ ನಕಾಶೆ ತೆಗೆಯುವ ನಾನೂ ಸಂಜೆ ಹೊತ್ತು ಆರು ವಾರದ ಕೋರ್ಸ್ ಮುಗಿಸಿದೆ. ಪ್ರಮಾಣಪತ್ರಕ್ಕೆ ಚೌಕಟ್ಟು ಕಟ್ಟಿಸಿ ದೇವರ ಫೋಟೊಗಳ ಸಾಲಿನಲ್ಲೇ ತೂಗುಹಾಕಿದೆ. ಹೆಂಡತಿ ಶಾಂತಾ ದಿನಾ ಬೆಳಿಗ್ಗೆ ಅದಕ್ಕೂ ಒಂದು ಹೂ ಏರಿಸುತ್ತಿದ್ದಳು. ಅದು ಭಕ್ತಿಯೋ ಕುಚೋದ್ಯವೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಸನತ್‌ನಗರದ ನಮ್ಮ ಕಾಲೊನಿಯಲ್ಲಿ ಒಂದು ಕನ್ನಡ ವಾಚನಾಲಯವಿದೆ. ಒಂದೇ ಕೋಣೆ. ಒಂದು ಉದ್ದ ಮೇಜು, ಎರಡು ಬೆಂಚು, ಒಂದು ಫೋನು, ಸಹಿ ಮಾಡಲು ಒಂದು ಹಾಜರಿ ಪುಸ್ತಕ. ಕನ್ನಡ ಪತ್ರಿಕೆಗಳು ರೈಲು ಹತ್ತಿ ಬಂದು ಈ ಮೇಜು ಮುಟ್ಟುವಾಗ ಮಧ್ಯಾಹ್ನವಾಗಿರುತ್ತದೆ, ಸುದ್ದಿಗೆ ಒಂದು ದಿನ ವಯಸ್ಸಾಗಿರುತ್ತದೆ. ಆದರೂ ಸಂಜೆ ಐದಕ್ಕೆ ಬೀಗ ತೆಗೆದರೆ ಏಳರವರೆಗೆ ಅಲ್ಲಿ ಗದ್ದಲ. ಗದ್ದಲದ ಮೂಲಪುರುಷರು ಇಬ್ಬರು. ಒಬ್ಬರು ನಿವೃತ್ತ ಹೆಡ್‌ಮಾಸ್ತರ್ ದೇಸಾಯಿಯವರು, ಆಳುವ ಪಕ್ಷದ ಪರಮಭಕ್ತರು. ಇನ್ನೊಬ್ಬರು ರೈಲ್ವೆಯಿಂದ ನಿವೃತ್ತರಾದ ಪಾಟೀಲರು, ವಿರೋಧ ಪಕ್ಷಕ್ಕಾಗಿ ಪ್ರಾಣ ಕೊಡಲೂ ಸಿದ್ಧ. ಇಪ್ಪತ್ತು ವರ್ಷದಿಂದ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಜಗಳವಾಡಿದವರು. ನಮ್ಮಲ್ಲಿ ಪತ್ರಿಕೆಗಳನ್ನು ಯಾರೂ ಅವುಗಳ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಂದು ‘ದೇಸಾಯಿಯವರ ಪೇಪರ್’, ಇನ್ನೊಂದು ‘ಪಾಟೀಲರ ಪೇಪರ್’. ಈ ಇಡೀ ವ್ಯವಸ್ಥೆಯ ಕಾರ್ಯದರ್ಶಿ ನಾನು, ಕುಲಕರ್ಣಿ.

ಒಂದು ದಿನ ಕಾಲೊನಿ ಸಂಘದ ಅಧ್ಯಕ್ಷ ರಾಜು ಗಾರು ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿದರು. ಸಂಘದವರಿಗೆ ಜಿಮ್ ಮಾಡಲು ಜಾಗ ಬೇಕಂತೆ. ನಮ್ಮ ಕೋಣೆ ಅವರ ಕಣ್ಣಿಗೆ ಬಿದ್ದಿದೆ. “ಕುಲಕರ್ಣಿ ಗಾರೂ, ಮನುಷ್ಯುಲು ವಸ್ತುನ್ನಾರಾ?” ಎಂದರು. ಮನುಷ್ಯರು ಬರುತ್ತಾರೇನು ಎಂಬ ಪ್ರಶ್ನೆ. ಬರುತ್ತಾರೆ ಎಂದೆ. ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದು ಹಾಜರಿ ಪುಸ್ತಕ ನೋಡುವುದಾಗಿ, ಜನ ಇದ್ದರೆ ಕೋಣೆ ನಮಗೆ, ಇಲ್ಲದಿದ್ದರೆ ಜಿಮ್ಮಿಗೆ ಎಂದು ನಗುನಗುತ್ತಲೇ ಹೇಳಿ ಹೋದರು.

ಜನ ಬರಲು ಆಕರ್ಷಣೆ ಬೇಕು. ಹೊಸ ಕಾಲದ ಆಕರ್ಷಣೆ ಎಂದರೆ ಇಂಟರ್ನೆಟ್. ಮಿಯಾಪುರದಲ್ಲಿದ್ದ ನನ್ನ ಷಡ್ಡಕನ ಕಂಪನಿಯಲ್ಲಿ ಹಳೆಯ ಕಂಪ್ಯೂಟರುಗಳನ್ನು ದಾನ ಮಾಡುತ್ತಿದ್ದರು. ಒಂದನ್ನು ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ವಾಚನಾಲಯದ ಫೋನಿಗೆ ಜೋಡಿಸಿದೆ. ಅದು ಕುಂಯ್‌ಗುಟ್ಟಿ, ಕಿರುಚಿ, ಕೊನೆಗೆ ಜಗತ್ತಿಗೆ ಸೇರಿಕೊಂಡಿತು. ಆ ಉತ್ಸಾಹದಲ್ಲಿ ಇನ್ನು ಕಾಗದದ ಪೇಪರ್ ಯಾಕೆ ಎಂದು ಏಜೆಂಟ್ ನರಸಯ್ಯನಿಗೆ ಎರಡೂ ಪತ್ರಿಕೆ ನಿಲ್ಲಿಸಲು ಹೇಳಿಬಿಟ್ಟೆ.

“ಯಾಕ್ರಿ ಅಷ್ಟು ಅವಸರಾ?” ಎಂದಳು ಶಾಂತಾ. “ಅದೊಂದು ನಾಕ ದಿನಾ ನಡೀತೈತೇನು ನೋಡ್ರಿ, ಆಮ್ಯಾಲೆ ಬಿಡಸ್ರಿ.”

“ನಿನಗ ತಂತ್ರಜ್ಞಾನ ತಿಳಿಯೂದಿಲ್ಲ” ಎಂದೆ. ಚೌಕಟ್ಟಿನಲ್ಲಿದ್ದ ಪ್ರಮಾಣಪತ್ರದ ಕಡೆ ಒಮ್ಮೆ ನೋಡಿದೆ. ಅದರ ಮೇಲೆ ಆ ದಿನ ಹೂ ಇರಲಿಲ್ಲ.

ತೊಂದರೆ ಶುರುವಾದದ್ದು ಮೊದಲ ಸಂಜೆಯೇ. ಇಂಟರ್ನೆಟ್ ತೆರೆದರೆ ಪಕ್ಕದಲ್ಲಿ ಒಂದು ಪಟ್ಟಿ ಕಾಣುತ್ತದೆ. ಪದೇಪದೇ ನೋಡುವ ಜಾಗಗಳ ಹೆಸರು ಅದರಲ್ಲಿ ಇಟ್ಟಿರುತ್ತಾರೆ, ಒತ್ತಿದರೆ ನೇರ ಅಲ್ಲಿಗೇ ಹೋಗಬಹುದು. ಅದಕ್ಕೆ ಬುಕ್‌ಮಾರ್ಕ್ ಎನ್ನುತ್ತಾರೆ. ಕಂಪನಿಯವರು ಕೊಡುವಾಗಲೇ ಅದರಲ್ಲಿ ಏನೇನೋ ಇತ್ತು. ಹಳೆಯದರ ಕೆಳಗೆ ನಾನು ನಮ್ಮ ಎರಡು ಪತ್ರಿಕೆಗಳನ್ನು ಸೇರಿಸಿದೆ. ದೇಸಾಯಿಯವರದು ಮೇಲೆ ಬಂತು, ಪಾಟೀಲರದು ಕೆಳಗೆ. ಮೊದಲು ಸೇರಿಸಿದ್ದು ಮೇಲೆ, ಅಷ್ಟೇ. ಇದರಲ್ಲಿ ನನ್ನ ಆತ್ಮಸಾಕ್ಷಿ ಶುದ್ಧವಾಗಿತ್ತು.

ಪಾಟೀಲರು ಕನ್ನಡಕ ಏರಿಸಿ ತೆರೆ ನೋಡಿದರು. “ಕುಲಕರ್ಣಿಯವರ, ಮ್ಯಾಲೆ ಯಾರ ಪೇಪರ್ ಐತ್ರಿ?”

“ಅದು ಹಂಗ ಬಿದ್ದೈತ್ರಿ.”

“ಅದs ಹೆಂಗ ಬೀಳತೈತಿ? ಮಶೀನಿಗೂ ಪಕ್ಷ ಹಚ್ಚಿಟ್ಟೀರೇನು?”

ದೇಸಾಯಿಯವರು ಬೆಂಚಿನ ಆ ತುದಿಯಿಂದ ಸಂತೋಷವಾಗಿ ಹೇಳಿದರು: “ಮಶೀನಿಗೂ ಗೊತ್ತಾಗೇತಿ ಪಾಟೀಲಾ, ಯಾವುದು ಮ್ಯಾಲೆ ಇರಬೇಕಂತ.”

ಕಾರ್ಯದರ್ಶಿಯ ನಿಷ್ಪಕ್ಷಪಾತಕ್ಕೆ ಕಳಂಕ ಬಂದಿತ್ತು. ನಾನು ಮನೆಗೆ ಬಂದು ದೊಡ್ಡ ಹಾಳೆಯಲ್ಲಿ ಒಂದು ಪ್ರಕಟಣೆ ಬರೆದೆ: ‘ಈ ಮೂಲಕ ಸಮಸ್ತ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ, ವಾಚನಾಲಯದ ಬುಕ್‌ಮಾರ್ಕುಗಳು ಇಂದಿನಿಂದ ಸಂಪೂರ್ಣ ಪಕ್ಷಾತೀತವಾಗಿರತಕ್ಕದ್ದು. ಬೆಸ ತಾರೀಖಿನಂದು ಶ್ರೀ ದೇಸಾಯಿಯವರ ಪತ್ರಿಕೆಯೂ ಸಮ ತಾರೀಖಿನಂದು ಶ್ರೀ ಪಾಟೀಲರ ಪತ್ರಿಕೆಯೂ ಮೇಲಿರತಕ್ಕದ್ದು.’ ಅಂಟಿಸಿ ಬಂದು ಎರಡು ಲೋಟ ಚಹಾ ಕುಡಿದೆ. ಸರಕಾರ ನಡೆಸುವುದು ಇಷ್ಟೇನಾ ಎನ್ನಿಸಿತು.

ಮರುದಿನ ಪಾಟೀಲರು ಮನೆಯ ಗೋಡೆಯ ಕ್ಯಾಲೆಂಡರನ್ನೇ ಕಿತ್ತುಕೊಂಡು ಬಂದರು.

“ಇದನ್ನ ನೋಡ್ರಿ. ಮೂವತ್ತೊಂದನೇ ತಾರೀಖು ಬೆಸ. ಮರುದಿನ ಒಂದನೇ ತಾರೀಖು. ಅದೂ ಬೆಸ. ಎರಡು ದಿನಾ ಸಾಲಾಗಿ ಅವನ ಪೇಪರ್ ಮ್ಯಾಲೆ. ವರ್ಷದಾಗ ಏಳು ತಿಂಗಳು ಮೂವತ್ತೊಂದು ದಿನಾ ಅದಾವು. ನಾ ರೈಲ್ವೆದಾಗ ಮೂವತ್ತೈದು ವರ್ಷ ಟೈಮ್‌ಟೇಬಲ್ ನೋಡೀನಿ, ನನಗ ಟೋಪಿ ಹಾಕತೀರಿ?”

ನಾನು ಬೆವರಿದೆ. ನಕಾಶೆ ತೆಗೆಯುವವನಿಗೆ ಇಷ್ಟು ಲೆಕ್ಕ ಹೊಳೆಯಲಿಲ್ಲವೇ! ತಕ್ಷಣ ತಿದ್ದುಪಡಿ ಹೊರಡಿಸಿದೆ: ಮೂವತ್ತೊಂದನೇ ತಾರೀಖು ಎರಡೂ ಪತ್ರಿಕೆಗೆ ರಜೆ. ಈಗ ದೇಸಾಯಿಯವರ ಸರದಿ. “ನನ್ನ ದಿನಾ ಕಸಗೊಂಡು ಅವನ ಕಡೆ ಹೊಂಟೀಯೇನೋ?” ಎಂದು ಮುಖ ಕೆಂಪಾಗಿಸಿದರು. ಅವರು ನನ್ನ ಅಪ್ಪನ ಸ್ನೇಹಿತರು, ನನ್ನನ್ನು ಏಕವಚನದಲ್ಲೇ ಮಾತಾಡಿಸುವವರು. ಆ ಸಂಜೆ ಮಾತ್ರ ಹೋಗುವಾಗ “ಬರತೀನ್ರಿ” ಎಂದರು. ಬೈದಿದ್ದರೆ ಸಹಿಸುತ್ತಿದ್ದೆ. ಆ ‘ರಿ’ ನನ್ನನ್ನು ತುಂಬ ನೋಯಿಸಿತು.

ಹಾಗಾದರೆ ರಾಜಕೀಯವೇ ಬೇಡ ಎಂದು ನಿರ್ಧರಿಸಿದೆ. ಎರಡೂ ಪತ್ರಿಕೆ ತೆಗೆದೆ. ಜಗಳಕ್ಕೆ ಆಸ್ಪದವೇ ಇಲ್ಲದ ನಾಲ್ಕು ಬುಕ್‌ಮಾರ್ಕ್ ಇಟ್ಟೆ: ರೈಲಿನ ವೇಳಾಪಟ್ಟಿ, ಹವಾಮಾನ, ಅಡುಗೆ, ಪಂಚಾಂಗ. ಮನುಷ್ಯಮಾತ್ರರು ಯಾರಾದರೂ ಪಂಚಾಂಗದ ಮೇಲೆ ರಾಜಕೀಯ ಮಾಡಿಯಾರೆ?

ಪಾಟೀಲರು ರೈಲಿನ ವೇಳಾಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು. “ಇದು ಸರಕಾರದ ಪ್ರಚಾರ ಅಲ್ಲೇನ್ರಿ? ಎಲ್ಲಾ ಗಾಡಿ ಟೈಮಿಗೆ ಬರತಾವಂತ ಬರದಾರ. ಸಿಕಂದರಾಬಾದ್ ಸ್ಟೇಶನ್‌ನ್ಯಾಗ ಹೋಗಿ ನಿಂತು ನೋಡ್ರಿ, ಖರೆ ಗೊತ್ತಾಗತೈತಿ.”

“ಗಾಡಿ ತಡಾ ಆಗಿದ್ದು ನೀ ನೌಕರಿಯೊಳಗ ಇದ್ದಾಗ” ಎಂದರು ದೇಸಾಯಿಯವರು. ಆಮೇಲೆ ಹವಾಮಾನದ ಬುಕ್‌ಮಾರ್ಕಿನಲ್ಲಿ ಮಳೆ ಕಡಿಮೆ ಎಂದು ಓದಿ, ಇದು ವಿರೋಧ ಪಕ್ಷದವರು ಸರಕಾರಕ್ಕೆ ಕೆಟ್ಟ ಹೆಸರು ತರಲು ಬರೆಸಿದ್ದೆಂದು ನನ್ನ ಕಡೆ ತಿರುಗಿದರು. ಅಡುಗೆಯದನ್ನು ಹೆಂಗಸರು ನೋಡಿದರು. ಎಣ್ಣೆಗಾಯಿಗೆ ಗುರೆಳ್ಳು ಹಾಕದೆ ಮಾಡುವ ವಿಧಾನ ಅಲ್ಲಿತ್ತು. ಅದನ್ನು ಅಲ್ಲಿಟ್ಟವನು ಯಾವ ಊರಿನವನು ಎಂಬ ವಿಚಾರಣೆ ನಡೆಯಿತು.

ಪಂಚಾಂಗದ ಫಲ ಮೂರನೆಯ ದಿನ ಬಂತು. ಬೆಳಿಗ್ಗೆ ಬಾಗಿಲು ತೆರೆದರೆ ನಮ್ಮ ಹಿಂದಿನ ಸಾಲಿನ ಅನಸೂಯಾಬಾಯಿಯವರು ಗೋಡೆ ಹಿಡಿದುಕೊಂಡು ನಿಂತಿದ್ದರು.

“ಮೊನ್ನೆ ನಿನ್ನ ಮಶೀನ್ಯಾಗ ಏಕಾದಶಿ ಅಂತಿತ್ತು. ನೀರೂ ಮುಟ್ಟಲಾರದ ಇದ್ದೆ. ನಿನ್ನೆ ಮಠದಿಂದ ಬಂದ ಪಂಚಾಂಗ ನೋಡಿದರ ನಮ್ಮ ಮಠಕ್ಕ ನಿನ್ನೆ ಏಕಾದಶಿ. ನಿನ್ನೆನೂ ಇದ್ದೆ. ಅದು ಯಾವ ಮಠದ್ದು ಹಚ್ಚೀದಿಯಪ್ಪಾ ನೀನು?”

ಆ ಮಠ, ಈ ಮಠ ಎಂದು ಏಕಾದಶಿಯಲ್ಲಿ ಒಂದು ದಿನದ ಅಂತರ ಬರುವುದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ತಪ್ಪು ಮಾಡಿದೆ. ಎಪ್ಪತ್ತು ದಾಟಿದ ಹೆಂಗಸನ್ನು ಎರಡು ದಿನ ಉಪವಾಸ ಕೆಡವಿದ್ದೆ. ಅವರನ್ನು ಶಾಂತಾ ಒಳಗೆ ಕೂರಿಸಿ ಬಿಸಿ ಹಾಲು ಕೊಟ್ಟಳು, ನನ್ನ ಕಡೆ ನೋಡಲಿಲ್ಲ. ನಾಚಿಕೆಯಿಂದ ನಾನು ಆ ದಿನ ಕಚೇರಿಗೆ ಬೇಗ ಹೋದೆ.

ಇಷ್ಟಾದ ಮೇಲೆ ಬುದ್ಧಿವಂತನಾದವನು ಕೈಬಿಡುತ್ತಿದ್ದ. ನಾನು ಅಂತಿಮ ಪರಿಹಾರ ಕಂಡುಹಿಡಿದೆ. ಕಂಪ್ಯೂಟರಿಗೆ ಹೆಸರು ಕೊಟ್ಟು ಒಳಗೆ ಹೋಗುವ ವಿದ್ಯೆಯೊಂದು ನನ್ನ ಕೋರ್ಸಿನ ಐದನೆಯ ವಾರದಲ್ಲಿ ಬಂದಿತ್ತು. ದೇಸಾಯಿಯವರು ತಮ್ಮ ಹೆಸರು ಹೊಡೆದರೆ ದೇಸಾಯಿಯವರ ಪೇಪರ್ ಮಾತ್ರ, ಪಾಟೀಲರು ಹೊಡೆದರೆ ಪಾಟೀಲರ ಪೇಪರ್ ಮಾತ್ರ. ಐದರಿಂದ ಆರು ಇವರಿಗೆ, ಆರರಿಂದ ಏಳು ಅವರಿಗೆ. ಮೇಲು ಕೆಳಗು ಇಲ್ಲ, ಸಮ ಬೆಸ ಇಲ್ಲ. ಒಬ್ಬರ ಮುಖ ಒಬ್ಬರು ನೋಡುವ ಅಗತ್ಯವೂ ಇಲ್ಲ. ಪ್ರಜಾಪ್ರಭುತ್ವ ಇಷ್ಟು ಅಚ್ಚುಕಟ್ಟಾಗಿ ಇನ್ನೆಲ್ಲೂ ಜಾರಿಯಾಗಿರಲಾರದು.

ಮೊದಲ ಸಂಜೆ ವಾಚನಾಲಯದಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಇಪ್ಪತ್ತು ವರ್ಷದಲ್ಲಿ ಆ ಫ್ಯಾನಿಗೆ ಸದ್ದಿದೆ ಎಂದು ಗೊತ್ತಾದದ್ದೇ ಆಗ. ಎರಡನೆಯ ಸಂಜೆ ದೇಸಾಯಿಯವರು ಹತ್ತು ನಿಮಿಷ ಕೂತು ಎದ್ದುಹೋದರು. ಮೂರನೆಯ ಸಂಜೆ ಬರಲಿಲ್ಲ. ಪಾಟೀಲರೂ ಬರಲಿಲ್ಲ. ಇವರಿಬ್ಬರ ಜಗಳ ಕೇಳಲು ಬರುತ್ತಿದ್ದ ಉಳಿದವರೂ ಬರಲಿಲ್ಲ. ವಾರ ಕಳೆಯುವಷ್ಟರಲ್ಲಿ ಹಾಜರಿ ಪುಸ್ತಕದಲ್ಲಿ ಒಂದೇ ಸಹಿ, ನನ್ನದು. ತಿಂಗಳ ಕೊನೆಯ ಭಾನುವಾರಕ್ಕೆ ಎರಡೇ ದಿನ ಉಳಿದಿತ್ತು. ಜಿಮ್ಮಿನ ಕಬ್ಬಿಣದ ಗುಂಡುಗಳು ನನ್ನ ಎದೆಯ ಮೇಲೇ ಬಂದು ಕೂತಂತಾಯಿತು.

ಶುಕ್ರವಾರ ದೇಸಾಯಿಯವರ ಮನೆಗೆ ಓಡಿದೆ. ಅವರು ವರಾಂಡದಲ್ಲಿ ತಮ್ಮ ಪೇಪರನ್ನು ಮಡಿಚಿಟ್ಟುಕೊಂಡು ಸುಮ್ಮನೆ ಕೂತಿದ್ದರು.

“ಯಾಕ್ರಿ ಕಾಕಾ, ಬರೂದs ಬಿಟ್ರಿ? ನಿಮ್ಮ ಪೇಪರ್ ನಿಮಗ ಅಂತ ಬ್ಯಾರೆ ಮಾಡಿ ಇಟ್ಟೀನಿ.”

“ನನ್ನ ಪೇಪರ್ ನನ್ನ ಮನೀಗೆ ಬರತೈತಲ್ಲೋ ಮಾರಾಯಾ” ಎಂದರು. “ಇಲ್ಲೇ ಕುಂತು ಮಧ್ಯಾಹ್ನನs ಓದತೀನಿ. ಅಲ್ಲಿಗೆ ಬರೂದು ಪಾಟೀಲನ ಪೇಪರ್ ಓದಾಕ. ಅವರು ಏನು ಸುಳ್ಳು ಬರದಾರ ಅಂತ ತಿಳೀಲಾರದ ನಾ ಅವನ ಕೂಡ ಹೆಂಗ ವಾದ ಮಾಡ್ಲಿ?”

ಪಾಟೀಲರ ಮನೆಗೆ ಹೋದೆ. ಅಕ್ಷರಕ್ಕೆ ಅಕ್ಷರ ಅದೇ ಉತ್ತರ. ದೇಸಾಯಿಯವರ ಪೇಪರಿನ ಸಂಪಾದಕೀಯಕ್ಕೆ ಬೈಯದೆ ಒಂದು ವಾರದಿಂದ ಊಟ ರುಚಿಸುತ್ತಿಲ್ಲವಂತೆ. ಪೇಪರ್ ಮೇಲಿರಲಿ ಎಂದು ಬಡಿದಾಡಿದ್ದು ಯಾಕೆ ಎಂದು ಕೇಳಿದೆ. “ಮ್ಯಾಲಿರೋದು ಮಾನದ ಮಾತ್ರಿ. ಓದೂದು ಬ್ಯಾರೆ” ಎಂದರು.

ಇಪ್ಪತ್ತು ವರ್ಷ ಇಬ್ಬರೂ ಅದಲುಬದಲಾಗಿ ಪೇಪರ್ ಹಿಡಿದದ್ದನ್ನು ನಾನು ದಿನಾ ನೋಡಿದ್ದೆ. ನೋಡಿದ್ದೆ, ಅಷ್ಟೇ. ಮನೆಗೆ ಬಂದು ಶಾಂತಾಳಿಗೆ ಈ ಮಹಾ ಸಂಶೋಧನೆಯನ್ನು ಹೇಳಿದೆ.

“ಅದು ನಿಮಗ ಇವತ್ತು ಗೊತ್ತಾತೇನ್ರಿ?” ಎಂದು ಅವಳು ಮೆಂತ್ಯದ ಸೊಪ್ಪು ಸೋಸುತ್ತಲೇ ಕೇಳಿದಳು.

ಆದರೂ ನಾನು ಎದೆಗುಂದಲಿಲ್ಲ. ಇಬ್ಬರ ಪಟ್ಟಿಯನ್ನೂ ಅದಲುಬದಲು ಮಾಡಿದೆ. ದೇಸಾಯಿಯವರ ಹೆಸರು ಹೊಡೆದರೆ ಪಾಟೀಲರ ಪೇಪರ್, ಪಾಟೀಲರ ಹೆಸರಿಗೆ ದೇಸಾಯಿಯವರ ಪೇಪರ್. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಇಬ್ಬರನ್ನೂ ಕೈಹಿಡಿದು ಕರೆತಂದೆ. ಹಾಜರಿ ಪುಸ್ತಕ ತೆರೆದಿಟ್ಟೆ. ಫೋನ್ ತಂತಿ ಜೋಡಿಸಿದೆ. ಕಂಪ್ಯೂಟರ್ ಕುಂಯ್‌ಗುಟ್ಟಿತು. ದೇಸಾಯಿಯವರು ಒಂದೇ ಬೆರಳಿನಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಒತ್ತಿದರು.

ಕರೆಂಟ್ ಹೋಯಿತು.

ಹೊಸ ಪೇಪರ್ ಇಲ್ಲ, ನಾನೇ ನಿಲ್ಲಿಸಿದ್ದೆ. ಇದ್ದರೂ ರೈಲಿನಿಂದ ಇಳಿದು ಬರಲು ಮಧ್ಯಾಹ್ನವಾಗಬೇಕು. ಮನೆಯ ಪೇಪರ್ ತನ್ನಿ ಎಂದು ಇಬ್ಬರಿಗೂ ಕೈಮುಗಿದೆ. “ನನ್ನ ಪೇಪರ್ ಹೊತ್ತು ತಂದು ಅವಂಗ ಓದಸ್ಲ್ಯಾ?” ಎಂದರು ದೇಸಾಯಿಯವರು. “ನಾ ಏನು ಅವನ ಆಳು ಏನ್ರಿ?” ಎಂದರು ಪಾಟೀಲರು. ಇಬ್ಬರೂ ಚಪ್ಪಲಿ ಮೆಟ್ಟಿಕೊಂಡರು. ವಾಚನಾಲಯ ಶುರುವಾದಾಗ ಆ ಕೋಣೆಗೆ ಅಪ್ಪ ತನ್ನ ಕೈಯಾರೆ ಸುಣ್ಣ ಹೊಡೆದಿದ್ದ. ಅದನ್ನು ಕಳೆದ ಕೀರ್ತಿ ನನ್ನ ಪಾಲಿಗೆ ಬರುತ್ತದೆ ಎಂದು ನನಗೆ ನಿಜವಾಗಿಯೂ ಅಳು ಬಂತು.

ಆಗ ಬಾಗಿಲಲ್ಲಿ ಶಾಂತಾ ಕಂಡಳು. ಕೈಯಲ್ಲಿ ಒಂದು ಕಟ್ಟು ಹಳೆಯ ಪೇಪರ್. ವಾಚನಾಲಯದಲ್ಲಿ ಓದಿ ಮುಗಿದ ಪತ್ರಿಕೆಗಳು ಕಾರ್ಯದರ್ಶಿಯ ಮನೆಗೆ ಹೋಗುವುದು ಮೊದಲಿನಿಂದ ಬಂದ ಪದ್ಧತಿ. ಅವನ್ನು ನಮ್ಮ ಅಡುಗೆಮನೆಯ ಗೂಡಿನಲ್ಲಿ ಡಬ್ಬಿಗಳ ಕೆಳಗೆ ಹಾಸಿದ್ದೆವು. ಕರೆಂಟ್ ಹೋದ ತಕ್ಷಣ ಅವಳು ಡಬ್ಬಿ ಇಳಿಸಿ ಎಲ್ಲವನ್ನೂ ಎಳೆದುಕೊಂಡು ಬಂದಿದ್ದಳು. ಒಂದೊಂದರ ಮೇಲೂ ಎಣ್ಣೆಯ ದುಂಡು ಗುರುತು, ಅರಿಶಿನದ ಪುಡಿ. ಎಲ್ಲ ತಿಂಗಳ ಹಿಂದಿನವು.

ಪಾಟೀಲರ ಪೇಪರನ್ನು ದೇಸಾಯಿಯವರ ಮುಂದೆ, ದೇಸಾಯಿಯವರ ಪೇಪರನ್ನು ಪಾಟೀಲರ ಮುಂದೆ ಇಟ್ಟಳು.

ದೇಸಾಯಿಯವರು ನಿಂತಲ್ಲೇ ಒಂದು ಸಾಲು ಓದಿದರು. ಇನ್ನೊಂದು ಓದಿದರು. ಚಪ್ಪಲಿ ಬಿಟ್ಟರು. “ಏ ಪಾಟೀಲಾ, ಇಲ್ಲಿ ಬಾ. ನಿಮ್ಮ ಮಂದಿ ಏನು ಬರದಾರ ನೋಡು. ಮಾನಾ ಮರ್ಯಾದಿ ಐತಿಲ್ಲೋ?”

“ನಿಮ್ಮ ಮಂತ್ರಿ ಏನು ಮಾಡ್ಯಾನಂತ ಮೊದಲ ಇದನ್ನ ಓದು” ಎಂದು ಪಾಟೀಲರು ಮೇಜು ಗುದ್ದಿದರು. ಮಂತ್ರಿಯ ಮುಖದ ಮೇಲೆ ಅವಲಕ್ಕಿ ಡಬ್ಬಿಯ ಗುರುತಿತ್ತು. ಆ ಮಂತ್ರಿಯ ಖಾತೆ ಬದಲಾಗಿ ಆಗಲೇ ಎರಡು ವಾರವಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರಿಗೂ ಬೇಕಾಗಿರಲಿಲ್ಲ.

ಸದ್ದು ರಸ್ತೆಗೆ ಮುಟ್ಟಿತು. ವಾರದಿಂದ ಬೇಸತ್ತಿದ್ದ ಜನ ಒಬ್ಬೊಬ್ಬರಾಗಿ ಒಳಗೆ ಬಂದರು. ಅನಸೂಯಾಬಾಯಿಯವರೂ ಬಂದು, ತಿಥಿ ಯಾವುದೆಂದು ಮಠದ ಪಂಚಾಂಗದಲ್ಲೇ ನೋಡಿಕೊಂಡು, ಸಹಿ ಹಾಕಿ ಕೂತರು. ಬೆಂಚು ಸಾಲದೆ ಕೆಲವರು ಕಿಟಕಿಗೆ ಒರಗಿ ನಿಂತರು. ಹತ್ತು ಗಂಟೆಗೆ ರಾಜು ಗಾರು ಬಾಗಿಲಲ್ಲಿ ನಿಂತಾಗ ಅವರಿಗೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಸ್ವಲ್ಪ ಹೊತ್ತು ದೇಸಾಯಿ, ಪಾಟೀಲರ ಕೈಗಳು ಗಾಳಿಯಲ್ಲಿ ಏರಿಳಿಯುವುದನ್ನು ನೋಡಿದರು.

“ಇಕ್ಕಡ ಜಿಮ್ ಎಂದುಕಂಡಿ?” ಎಂದರು. ಇಲ್ಲಿ ಜಿಮ್ ಯಾಕೆ, ದಿನಾ ಕಸರತ್ತು ನಡೆದೇ ಇದೆಯಲ್ಲ ಎಂದು ತೆಲುಗಿನಲ್ಲೇ ನಕ್ಕು, ಹಾಜರಿ ಪುಸ್ತಕ ತೆರೆದೂ ನೋಡದೆ ಹೊರಟುಹೋದರು.

ಕೋಣೆ ಉಳಿಯಿತು. ಮುಂದಿನ ತಿಂಗಳು ವಾರ್ಷಿಕ ಸಭೆಯಲ್ಲಿ ಹೊಸ ಕಾರ್ಯದರ್ಶಿಯ ಆಯ್ಕೆ. ಪ್ರತಿ ವರ್ಷ ನಾನೊಬ್ಬನೇ ನಿಲ್ಲುತ್ತಿದ್ದೆ, ಅವಿರೋಧವಾಗಿ ಗೆಲ್ಲುತ್ತಿದ್ದೆ. ಈ ಸಲ ದೇಸಾಯಿಯವರು ಶಾಂತಾಳ ಹೆಸರು ಸೂಚಿಸಿದರು. ಪಾಟೀಲರು ಅನುಮೋದಿಸಿದರು. ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ಚೀಟಿ ಹಂಚಿದರು. ನಾನು ಚೀಟಿ ಹಿಡಿದು ಬಹಳ ಯೋಚಿಸಿದೆ. ನನಗೆ ನಾನೇ ಹಾಕಿಕೊಂಡರೆ ಸ್ವಾರ್ಥ. ಹೆಂಡತಿಗೆ ಹಾಕಿದರೆ ಸ್ವಜನಪಕ್ಷಪಾತ. ಜೀವಮಾನದ ತತ್ವವನ್ನು ಆ ಗಳಿಗೆಯಲ್ಲಿ ಬಿಡಲಾರದೆ, ಚೀಟಿಯನ್ನು ಖಾಲಿಯಾಗಿಯೇ ಮಡಿಸಿ ಡಬ್ಬಿಗೆ ಹಾಕಿದೆ. ಎಣಿಸಿದಾಗ ಶಾಂತಾಳಿಗೆ ಹನ್ನೊಂದು, ನನಗೆ ಹತ್ತು, ಒಂದು ಖಾಲಿ.

ದಾರಿಯಲ್ಲಿ ಶಾಂತಾ ಕೇಳಿದಳು: “ಖಾಲಿ ಚೀಟಿ ಯಾರದ್ರಿ?”

“ನಂದು. ನಾ ಯಾರ ಪಕ್ಷಾನೂ ಅಲ್ಲ.”

ಅವಳು ನಿಂತು ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ, ನನ್ನ ಕೈಯಿಂದ ವಾಚನಾಲಯದ ಬೀಗದ ಕೈ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿಕೊಂಡಳು.

ಕಂಪ್ಯೂಟರ್ ಈಗಲೂ ಮೂಲೆಯಲ್ಲಿದೆ. ಅದರ ಪಟ್ಟಿಗೆ ಕೈ ಹಚ್ಚಬಾರದೆಂಬುದು ಹೊಸ ಕಾರ್ಯದರ್ಶಿಯ ಮೊದಲ ಠರಾವು. ಎರಡನೆಯ ಠರಾವಿನ ಪ್ರಕಾರ ನನಗೂ ಒಂದು ಕೆಲಸವಿದೆ. ನರಸಯ್ಯ ಮತ್ತೆ ತಂದುಹಾಕುವ ಪೇಪರುಗಳಲ್ಲಿ ಪಾಟೀಲರದನ್ನು ದೇಸಾಯಿಯವರ ಮುಂದೆ, ದೇಸಾಯಿಯವರದನ್ನು ಪಾಟೀಲರ ಮುಂದೆ ಇಡುವುದು. ದಿನಾ ಸಂಜೆ ಐದಕ್ಕೆ. ಮೂವತ್ತೊಂದನೇ ತಾರೀಖಿಗೂ ರಜೆ ಇಲ್ಲ.